ಗೆಳೆಯನ ಎಂಟು ಹಾಡುಗಳು

ಗಂಗಾವತಿಯಲ್ಲಿ ನಾವು ಮೂವರು ಸೇರಿ ರ‍್ಯಾಪ್ ತಂಡ ಕಟ್ಟಿದ್ದೆವು. ಮುಂದೆ ನಿಂತು ಕೈ ಬೀಸುವವನು ನಾನು. ಪೋಸ್ಟರಿನಲ್ಲಿ ದೊಡ್ಡ ಮುಖ ನನ್ನದೇ. ಇನ್ನೊಬ್ಬ ತಾಳ ನೋಡಿಕೊಳ್ಳುತ್ತಿದ್ದ. ಮೂರನೆಯವನು ರೈಸ್ ಮಿಲ್ಲಿನಲ್ಲಿ ಚೀಲ ತೂಕ ಮಾಡುವವನು, ಯಾವಾಗಲೂ ಹಿಂದೆ ನಿಲ್ಲುತ್ತಿದ್ದ. ಹಾಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರೆಯುತ್ತಿದ್ದವನು ಅವನೇ. ಅದು ನಮಗಷ್ಟೇ ಗೊತ್ತಿತ್ತು, ನಾನಂತೂ ಯಾರಿಗೂ ಹೇಳಲು ಹೋಗಲಿಲ್ಲ.

ನಮ್ಮದೊಂದು ರೂಢಿಯಿತ್ತು. ನಮ್ಮ ಕಡೆ ಮೊಹರಂ ಪದ ಹಾಡುವಾಗ ಮುಂದಿನವನ ಸಾಲನ್ನು ಹಿಂದಿನವರು ಎತ್ತಿಕೊಳ್ಳುತ್ತಾರಲ್ಲ, ಹಾಗೆ ಒಬ್ಬ ಸಾಲು ಹೇಳಿದರೆ ಅದರ ಕೊನೆಯ ಮಾತನ್ನು ಇನ್ನೊಬ್ಬ ಹೇಳಬೇಕು. ಅಷ್ಟರಲ್ಲಿ ಮೊದಲಿನವನಿಗೆ ಉಸಿರು ಸಿಗುತ್ತದೆ. ನನ್ನ ಸಾಲುಗಳಿಗೆಲ್ಲ ಕೊನೆಯ ಮಾತು ಅವನದು. ಆರು ವರ್ಷ ನನಗೆ ಉಸಿರು ಕೊಟ್ಟ.

ಹೋದ ವರ್ಷ ಅವನು ತನ್ನದೇ ಆಲ್ಬಮ್ ಮಾಡುತ್ತೇನೆಂದ. ಎಂಟು ಹಾಡು.

"ಒಂದು ದಿನ ಕೊಪ್ಪಳಕ್ಕ ಬಾರಲೇ, ರೆಕಾರ್ಡಿಂಗ್ ಐತಿ. ನನ್ನ ಸಾಲಿಗೆ ಕೊನಿ ಮಾತು ನೀ ಹೇಳ್ಬೇಕು."

ಬರುತ್ತೇನೆಂದೆ. ಆ ದಿನ ಬೆಳಗ್ಗೆ, ಹುಲಿಹೈದರದಲ್ಲಿ ಮದುವೆಯಿದೆ ಎಂದು ಮೆಸೇಜ್ ಹಾಕಿ, ಫೋನ್ ಬಂದ್ ಮಾಡಿ ಮನೆಯಲ್ಲೇ ಮಲಗಿದೆ. ಮದುವೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಇದ್ದದ್ದು ಹೊಟ್ಟೆಕಿಚ್ಚು. ಅವನು ಮುಂದೆ ಬಂದರೆ ನಾನು ಬರೀ ಕೈ ಬೀಸುವವನೆಂದು ಊರಿಗೇ ತಿಳಿಯುತ್ತದಲ್ಲ.

ಆಲ್ಬಮ್ ಬಂತು. ಕೇಳಿದವರು ಬೆರಳೆಣಿಕೆ. ತಿಂಗಳುಗಟ್ಟಲೆ ನಾನೂ ಮುಟ್ಟಲಿಲ್ಲ. ಈಗ ನನ್ನದು ಬೆಳೆ ಔಷಧಿ ಮಾರುವ ಕೆಲಸ, ದಾಳಿಂಬೆ ತೋಟ ಸುತ್ತುತ್ತೇನೆ. ಒಂದು ಮಧ್ಯಾಹ್ನ ಕುಷ್ಟಗಿಯಲ್ಲಿ ಬಸ್ಸು ತಪ್ಪಿತು. ಹೊತ್ತು ಹೋಗದೆ ಆ ಹಾಡುಗಳನ್ನು ಕಿವಿಗೆ ಹಾಕಿಕೊಂಡೆ. ಮೊದಲ ಸಾಲು ಹೇಳಿದ, ಕೊನೆಯ ಮಾತಿಗೆ ನಿಂತುಬಿಟ್ಟ. ತಾಳ ಮಾತ್ರ ಓಡಿತು. ಎರಡನೆಯ ಸಾಲೂ ಹಾಗೇ. ನನ್ನ ಜಾಗವನ್ನೆಲ್ಲ ಖಾಲಿ ಬಿಟ್ಟಿದ್ದ. 'ಪಾಪ, ಇವಂಗ ಮಾತು ಮರ್ತೈತಿ' ಎಂದು ಯಾರೋ ಹಾಡಿನ ಕೆಳಗೆ ಕಮೆಂಟ್ ಹಾಕಿದ್ದರು. ನನಗೆ ಅಳು ಬಂತು. ಮೂರನೆಯ ಹಾಡಿಗೆ ನಿಲ್ಲಿಸಿ ಅವನಿಗೆ ಫೋನ್ ಮಾಡಿದೆ.

"ಕೊನಿ ಮಾತು ನೀನ ಹೇಳ್ಕೋಬೇಕಿತ್ತಲೇ," ಎಂದೆ.

"ಮದುವಿ ಮುಗಿಸಿ ಬರ್ತೀಯಂತ ಸಂಜಿತನಕ ದಾರಿ ನೋಡಿದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ಹೋಗ್ಲಿ ಬಿಡು. ಎಂಟೂ ಕೇಳಿದೇನು?"

"ಕೇಳಿದೆ."

"ಕಡೀದು ಹೆಂಗೈತಿ?"

"ಭಾಳ ಛಲೋ ಐತಿ. ಅದರಾಗಿನ ಮಾತಂತೂ ಎದಿಗೆ ನಾಟ್ತಾವ."

"ಲಾರಿ ಬಂದೈತಿ, ಇಡ್ತೀನಿ," ಎಂದ.

ಬಸ್ಸಿನಲ್ಲಿ ಕೂತ ಮೇಲೆ ಎಂಟನೆಯದನ್ನು ಹಾಕಿದೆ. ಅದರಲ್ಲಿ ಒಂದೇ ಒಂದು ಮಾತಿರಲಿಲ್ಲ. ಮೂರು ನಿಮಿಷ ಬರೀ ತಾಳ. ಮತ್ತೆ ಯಾವ ಮುಖ ಇಟ್ಟುಕೊಂಡು ಫೋನ್ ಮಾಡಲಿ? ಮಾಡಲಿಲ್ಲ.