ಹಕ್ಕಿಗಳಿಗೆ ಆಗದ ದೋಸೆ

ಗೆಳೆಯರೇ, ಇಂದು ಬೆಳಿಗ್ಗೆ ಈ ಅರಬ್ ನಾಡಿನ ನಮ್ಮ ಮನೆಯ ಶುಕ್ರವಾರದ ರಜಾ ದೋಸೆ ತೀರಿಕೊಂಡಿತೆಂದು ವಿಷಾದದಿಂದ ತಿಳಿಸುತ್ತೇನೆ.

ಪಕ್ಕದ ಫ್ಲ್ಯಾಟಿನ ಅಶ್ರಫ್ ರಜೆಗೆ ಮಂಗಳೂರಿಗೆ ಹೋಗುವಾಗ ತನ್ನ ಎರಡು ಲವ್‌ಬರ್ಡ್‌ಗಳನ್ನು ನಮ್ಮಲ್ಲಿ ಬಿಟ್ಟಿದ್ದಾನೆ. ನಾನು ಹಿಟ್ಟು ಕದಡುತ್ತಿದ್ದಂತೆ ಹೆಂಡತಿ ಒಲೆ ಆರಿಸಿದಳು.

“ರೀ, ನಾನ್‌ಸ್ಟಿಕ್ ಕಾವಲಿ ಜಾಸ್ತಿ ಕಾದ್ರೆ ಆ ಹೊಗೆಗೇ ಹಕ್ಕಿ ಸಾಯ್ತವಂತೆ. ಅಶ್ರಫ್ ಹೇಳಿ ಹೋಗಿದ್ದಾರೆ.”

“ಕಿಟಕಿ ತೆಗಿಯೋಣ.”

“ಈ ಧೂಳಲ್ಲಾ? ಅವಕ್ಕೆ ಆಗಲ್ಲ.”

“ಪಂಜರ ಬೆಡ್‌ರೂಮಲ್ಲಿ ಇಡೋಣ.”

“ಏಸಿ ಗಾಳಿ ನೇರ ಹೊಡೆಯುತ್ತೆ. ನಿನ್ನೆಯ ಖುಬೂಸ್ ರೊಟ್ಟಿ ಇದೆ, ತಿನ್ನಿ.”

ಹಕ್ಕಿಗಳಿಗೆ ಮಾತ್ರ ತೊಳೆದು ಹೆಚ್ಚಿದ ಸೌತೆಕಾಯಿ, ಎಳೆ ಜೋಳ ಬಡಿಸಿದಳು. ನಾನು ಖುಬೂಸ್ ಅಗಿಯುತ್ತಿದ್ದಾಗ ಅಶ್ರಫ್‌ನ ವಿಡಿಯೋ ಕಾಲ್ ಬಂತು.

“ಭಟ್ರೇ, ನನ್ನ ಹಕ್ಕಿಗಳು ತಿಂಡಿ ತಿಂದವಾ?” ಎಂದು ಕೇಳಿದ, ಬಾಯಿ ತುಂಬ ನೀರುದೋಸೆ ಇಟ್ಟುಕೊಂಡು.

ತಿಂದವು ಮಾರಾಯ. ಈ ಮನೆಯಲ್ಲಿ ತಿಂಡಿ ತಿಂದವರು ಅವರಿಬ್ಬರೇ.