ಜಡೆ ಕತ್ತರಿಸಲು ಬಂದವಳು

ಹೋದ ತಿಂಗಳು ಹೊಸ ಕಂಪನಿಯ ಪನ್ನೀರಿನ ಬಾಟಲಿಯ ಮುಚ್ಚಳ ತೆಗೆದೆ. ಸಾಬೂನಿನಂಥ ವಾಸನೆ. 'ಇದು ಗುಲಾಬಿ ಅಲ್ಲ ಅಕ್ಕ, ಸೋಪು' ಎಂದು ಮೂಗು ಮುರಿಯುತ್ತಿದ್ದ ಇರಾನಿನ ಹುಡುಗಿ ನೆನಪಾದಳು. ಅವರ ಕಡೆ ಹೂವನ್ನು ಹಂಡೆಯಲ್ಲಿ ಬೇಯಿಸಿ ಪನ್ನೀರು ಇಳಿಸುತ್ತಾರಂತೆ...

ನಾನು ಮಳವಳ್ಳಿಯವಳು. ಮದುವೆಯಾಗಿ ಮಂಡ್ಯಕ್ಕೆ ಬಂದ ಮೇಲೆ ಬ್ಯೂಟಿ ಪಾರ್ಲರ್ ಇಟ್ಟೆ. ಅವಳು ಇಲ್ಲಿ ಓದಲು ಬಂದು ಹಿಂದಿನ ಬೀದಿಯಲ್ಲಿ ರೂಮು ಹಿಡಿದಿದ್ದಳು. ಹುಬ್ಬು ತೀಡಿಸಲು ಬರುತ್ತಾ ಬರುತ್ತಾ ಕನ್ನಡ ಕಲಿತಳು. ಸೊಂಟ ಮುಟ್ಟುವ ಜಡೆ. ಅದನ್ನು ಬಾಚುವುದೆಂದರೆ ನನಗೇ ಒಂದು ಖುಷಿ.

ಒಂದು ಬೆಳಿಗ್ಗೆ ಬಂದವಳೇ ಕುರ್ಚಿಯಲ್ಲಿ ಕೂತು, ಪೂರ್ತಿ ಕತ್ತರಿಸು ಎಂದಳು.

"ತಲೆ ಕೆಟ್ಟದಾ ನಿಂಗೆ? ಯಾರಾದ್ರೂ ಸತ್ರಾ?" ಎಂದೆ.

"ಒಬ್ಬಳು ಹುಡುಗಿ. ನನಗೆ ಪರಿಚಯ ಇಲ್ಲ."

ಸ್ಕಾರ್ಫು ಸರಿಯಾಗಿ ಹೊದ್ದಿಲ್ಲವೆಂದು ಅಲ್ಲಿನ ಪೊಲೀಸರು ಹಿಡಿದೊಯ್ದ ಹುಡುಗಿ, ಅವರ ವಶದಲ್ಲಿದ್ದಾಗಲೇ ಸತ್ತಿದ್ದಳು. ಹೆಂಗಸರು ಬೀದಿಗಿಳಿದು ಕೂದಲು ಕತ್ತರಿಸಿಕೊಳ್ಳುವುದನ್ನು, ಸ್ಕಾರ್ಫಿಗೆ ಬೆಂಕಿ ಹಚ್ಚುವುದನ್ನು, ಗುಂಡಿನ ಸದ್ದಿಗೆ ಚದುರಿ ಓಡುವುದನ್ನು ಮೊಬೈಲಿನಲ್ಲಿ ತೋರಿಸಿದಳು. ನಾನು ಕತ್ತರಿ ಎತ್ತಿಕೊಂಡೆ.

ನನ್ನ ಜೊತೆ ಕೆಲಸಕ್ಕಿದ್ದ ಹುಡುಗಿ ದಿನವೂ ಮದ್ದೂರಿನಿಂದ ರೈಲಿನಲ್ಲಿ ಬರುತ್ತಿದ್ದಳು. ಮುಸ್ಲಿಮರ ಮನೆಯವಳು, ತಲೆಗೆ ಸ್ಕಾರ್ಫು ಕಟ್ಟುತ್ತಿದ್ದಳು. ಆ ವಿಡಿಯೊ ನೋಡಿ ಮುಖ ಸಣ್ಣದು ಮಾಡಿಕೊಂಡಳು.

"ನಂಗ್ಯಾರೂ ಕಟ್ಕೋ ಅಂದಿಲ್ಲ ಅಕ್ಕ, ನಾನಾಗೇ ಕಟ್ಕತೀನಿ. ಅದ್ನ ಸುಡೋದ್ ನೋಡುದ್ರೆ ಒಟ್ಟೆ ಉರೀತದೆ" ಎಂದಳು. ಆಮೇಲೆ ಅವರಿಬ್ಬರ ನಡುವೆ ಮಾತು ಕಡಿಮೆಯಾಯಿತು.

ಅಷ್ಟರಲ್ಲಿ ಇರಾನಿನವಳ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂತು. ಹೊಸದಕ್ಕೆ ಕೊಡುವ ಫೋಟೊದಲ್ಲಿ ತಲೆ ಮುಚ್ಚಿರಲೇಬೇಕು, ಪರದೇಶದಲ್ಲಿದ್ದರೂ ಬಿಡುವುದಿಲ್ಲ. ಅವಳ ಬಳಿ ಸ್ಕಾರ್ಫೇ ಇರಲಿಲ್ಲ. ಪಾರ್ಲರಿಗೆ ಬಂದು ಅದನ್ನೇ ಹೇಳಿಕೊಂಡಳು. ವಿಷಯ ಕೇಳಿದ ಮದ್ದೂರಿನ ಹುಡುಗಿ ತನ್ನ ಬ್ಯಾಗಿನಿಂದ ಇನ್ನೊಂದು ಸ್ಕಾರ್ಫು ತೆಗೆದಳು.

"ಬಾ ಇಲ್ಲಿ, ಸರ್ಯಾಗಿ ಕಟ್ಟಿ ಕಳಿಸ್ತೀನಿ. ಜಾರುದ್ರೆ ಪೋಟೊ ವಾಪಸ್ ಕಳಿಸ್ಬುಟ್ಟಾರು."

ಪಿನ್ನು ಹಾಕುವಷ್ಟು ಹೊತ್ತೂ ಇರಾನಿನವಳು ಕಣ್ಣು ಮುಚ್ಚಿಕೊಂಡಿದ್ದಳು. ಎದುರಿನ ಸ್ಟುಡಿಯೊಗೆ ಹೋಗಿ ಬಂದವಳೇ ಬಿಚ್ಚಿದಳು. ಎಸೆಯಲಿಲ್ಲ, ಮಡಿಸಿ, ಎರಡೂ ಕೈಯಲ್ಲಿ ವಾಪಸು ಕೊಟ್ಟಳು. ಅಂದಿನಿಂದ ಅವರಿಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡತೊಡಗಿದರು.

ಪಾಸ್‌ಪೋರ್ಟು ಬಂತು. ಅದರ ಹಿಂದೆಯೇ, ಊರಿನಲ್ಲಿದ್ದ ಅವಳ ಅಕ್ಕನನ್ನು ಪೊಲೀಸರು ಹಿಡಿದೊಯ್ದರೆಂಬ ಸುದ್ದಿಯೂ ಬಂತು.

"ಓಗ್ಬ್ಯಾಡ ಕಣವ್ವ. ನೀನ್ ಓಗಿ ಏನ್ ಮಾಡೀಯೆ?" ಎಂದೆ.

"ಜೈಲಿನ ಬಾಗಿಲಲ್ಲಿ ಅಮ್ಮ ಒಬ್ಬಳೇ ನಿಲ್ಲುತ್ತಾಳೆ ಅಕ್ಕ" ಎಂದಳು. ಆ ವಾರವೇ ಹೊರಟುಹೋದಳು. ತಲುಪಿದೆ ಎಂಬ ಒಂದು ಮೆಸೇಜು. ಆಮೇಲೆ ಏನೂ ಇಲ್ಲ...

ಹೋದ ವಾರ ಅವಳ ಜೊತೆ ಓದುತ್ತಿದ್ದ, ಅದೇ ದೇಶದ ಹುಡುಗಿಯೊಬ್ಬಳು ಪಾರ್ಲರಿಗೆ ಬಂದಿದ್ದಳು. ಅಕ್ಕ ಬಿಡುಗಡೆಯಾಗಿ ಬಂದಿದ್ದಾಳಂತೆ. ಆದರೆ ಬರಿದಲೆಯಲ್ಲಿ ಬಸ್ ಸ್ಟಾಪಿನಲ್ಲಿ ನಿಂತಿದ್ದ ನಮ್ಮವಳನ್ನು ಕರೆದೊಯ್ದರಂತೆ. ಅವಳಿಗೆ ಜೈಲು ಶಿಕ್ಷೆಯಾಗಿದೆ. ಎಷ್ಟು ವರ್ಷವೆಂದು ಈ ಹುಡುಗಿಗೂ ಗೊತ್ತಿಲ್ಲ. ಈಗ ಅಮ್ಮನ ಜೊತೆ ಅಕ್ಕ ಹೋಗಿ ನಿಲ್ಲುತ್ತಾಳೆ.

ಅವತ್ತು ಸಂಜೆ ರೈಲಿಗೆ ಹೊರಟ ಮದ್ದೂರಿನ ಹುಡುಗಿ ಬಾಗಿಲಲ್ಲಿ ನಿಂತಳು. "ಅಲ್ಲಿ ಅವ್ಳ ತಲೆಗೆ ದಿನಾ ಯಾರ್ ಕಟ್ತಾರೆ ಅಕ್ಕ? ಎಳೆದು ಕಟ್ತಾರೇನೋ" ಎಂದಳು.

ಇರಾನಿನವಳ ನಂಬರು ಇನ್ನೂ ನನ್ನ ಮೊಬೈಲಿನಲ್ಲಿದೆ. ಫೋನು ಈಗ ಯಾರ ಕೈಯಲ್ಲಿದೆಯೋ, ಮೆಸೇಜು ಹಾಕಿದರೆ ಅವಳಿಗೇ ತೊಂದರೆ ಎಂದು ಬಂದಿದ್ದ ಹುಡುಗಿ ಎರಡೆರಡು ಸಲ ಹೇಳಿ ಹೋಗಿದ್ದಾಳೆ. ಹಾಗಾಗಿ ಏನೂ ಕೇಳುವಂತಿಲ್ಲ. ಹೇಗಿದ್ದೀಯಾ ಎಂದು ಕೂಡ.