ಬೀಣಾ ಕೆಡಿಸಿದ ಬೇಗುನಿ

ಶ್ರೀರಾಮಪುರದಲ್ಲಿ ಗಂಗೆಯ ಘಾಟಿಗೆ ಇಳಿಯುವ ಓಣಿಯಲ್ಲಿ, ನಿಮಾಯ್ ಸಾಹಾನ ಹಳೆಯ ಮನೆಯ ಮೆಟ್ಟಿಲ ಕೆಳಗೆ ಅವನ ಕರಿದ ತಿಂಡಿಯ ಅಂಗಡಿಯಿತ್ತು. ಮುಂದೆ ಒಲೆ, ಹಿಂದೆ ಗೋಡೆ, ತಲೆಯ ಮೇಲೆ ಮೆಟ್ಟಿಲಿನ ಕಲ್ಲು. ಒಬ್ಬರು ಮಂಡಿ ಮಡಚಿ ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಹಾಗೆ ಕೂರುತ್ತಿದ್ದವಳು ನಿಮಾಯ್‌ನ ಹೆಂಡತಿ ಬೀಣಾ. ಇಳಿಹೊತ್ತಿಗೆ ಒಲೆಯ ಹಿಂದೆ ನುಸುಳಿದಳೆಂದರೆ, ಕುದಿಯುವ ಎಣ್ಣೆಯ ಬಾಣಲೆಯನ್ನು ಯಾರಾದರೂ ಎತ್ತಿ ಪಕ್ಕಕ್ಕಿಡುವವರೆಗೆ ಅವಳು ಆಚೆ ಬರುವಂತಿರಲಿಲ್ಲ.

ಬೀಣಾ ಹೊಳೆಯಾಚೆಯ ಬ್ಯಾರಕ್‌ಪುರದ ದೋಣಿಕಾರನ ಮಗಳು. ನಡೆಯುವುದನ್ನೂ ಈಜುವುದನ್ನೂ ಹೆಚ್ಚು ಅಂತರವಿಲ್ಲದೆ ಕಲಿತವಳು. ಹೈಸ್ಕೂಲಿನಲ್ಲಿದ್ದಾಗ ಹೊಳೆ ದಾಟುವ ಪಂದ್ಯದಲ್ಲಿ ಹುಡುಗರನ್ನೂ ಹಿಂದೆ ಹಾಕಿ ದಡ ಹತ್ತಿದ್ದಳು. ಮದುವೆಯಾದ ಎರಡನೇ ವರ್ಷ, ಅಂಗಡಿಯಲ್ಲಿ ಕರಿಯುತ್ತಿದ್ದ ಮಾವನಿಗೆ ಲಕ್ವ ಹೊಡೆಯಿತು. ನಿಮಾಯ್‌ಗೆ ಕೈಹದವಿರಲಿಲ್ಲ, ಅವನು ಕರಿದದ್ದು ಒಂದೋ ಹಸಿ, ಇಲ್ಲವೇ ಕರಕಲು. ನಾಲ್ಕು ದಿನದ ಮಟ್ಟಿಗೆಂದು ಬೀಣಾ ಜಾಲರಿ ಸೌಟು ಹಿಡಿದಳು. ಆಲೂಗೆಡ್ಡೆಯ ಚಾಪ್, ಈರುಳ್ಳಿಯ ಪೇಯಾಜಿ, ಬಾಳೆಹೂವಿನ ಚಾಪ್, ಎಲ್ಲವೂ ಮಾವನ ಕೈಯದಕ್ಕಿಂತ ಚೆನ್ನಾದವು. ಬದನೆಕಾಯಿಯನ್ನು ಉದ್ದಕ್ಕೆ ತೆಳ್ಳಗೆ ಸೀಳಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಬೇಗುನಿಗಂತೂ ಸೆಣಬಿನ ಮಿಲ್ಲಿನಿಂದ ಬರುವವರು ಸಾಲುಗಟ್ಟಿದರು. ಓಣಿಗೆಲ್ಲ ಅವಳು ‘ಬೌದಿ’, ಅಂದರೆ ಅತ್ತಿಗೆ. ಮಾವ ತೀರಿಕೊಂಡರು. ನಾಲ್ಕು ದಿನ ಹದಿನೇಳು ವರ್ಷವಾಯಿತು.

ಒಂದು ಚೈತ್ರದ ಸಂಜೆ ಈಜು ಸಂಘದ ಶಶಧರಬಾಬು ಅಂಗಡಿಗೆ ಬಂದರು. ಘಾಟಿನಲ್ಲಿ ಹೆಣ್ಣುಮಕ್ಕಳಿಗೆ ಈಜು ಕಲಿಸುವ ತರಗತಿ ಶುರುವಾಗಲಿದೆ, ಸ್ಕೂಲು ಬಿಟ್ಟ ಮೇಲೆ ದಿನಾ ಎರಡು ಗಂಟೆ, ಕಲಿಸಲು ಹೆಂಗಸೇ ಬೇಕು ಎಂದು ಅವರು ಹೇಳಿದರು. ಆ ಪಂದ್ಯದ ದಿನ ಅವರೂ ದಡದಲ್ಲಿದ್ದರಂತೆ.

“ನಿನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ ತಾಯಿ?” ಎಂದರು.

ಬೀಣಾಳ ಸೌಟು ಎಣ್ಣೆಯ ಮೇಲೆಯೇ ನಿಂತಿತು. ಬಾಣಲೆಯಲ್ಲಿದ್ದ ಬೇಗುನಿಯೆಲ್ಲ ಕಪ್ಪಾಯಿತು.

ತರಗತಿಯೂ ಅಂಗಡಿಯೂ ಒಂದೇ ಹೊತ್ತಿಗೆ. ಆ ರಾತ್ರಿ ಗಂಡನಿಗೆ ಹೇಳಿದಳು. ನಿಮಾಯ್ ಸಿಡುಕಲಿಲ್ಲ, ಬೇಡ ಎನ್ನಲೂ ಇಲ್ಲ. ರಿಷ್ರಾದಿಂದ ಒಬ್ಬ ಅಡುಗೆಯವನನ್ನು ಕರೆತಂದ. ಗಿರಾಕಿಗಳು ಒಲೆಯ ಹಿಂದೆ ಹೊಸ ಮುಖ ಕಂಡು, ಬೌದಿ ಎಲ್ಲಿ ಎಂದು ಕೇಳಿ, ಆಮೇಲೆ ಬರ್ತೀವಿ ಎಂದು ಹೋದರು. ಅಡುಗೆಯವನು ವಾರ ತುಂಬುವ ಮೊದಲೇ ಗಂಟು ಕಟ್ಟಿದ. ಬೀಣಾ ಮತ್ತೆ ಒಳಗೆ ನುಸುಳಿದಳು.

ಆಗಲೇ ಅವಳಿಗೆ ಆ ಯೋಚನೆ ಬಂದದ್ದು. ತನ್ನನ್ನು ಇಲ್ಲಿ ಕಟ್ಟಿಹಾಕಿರುವುದು ತನ್ನ ಕೈರುಚಿಯೇ ತಾನೆ? ಅದು ಕೆಟ್ಟರೆ ಗಿರಾಕಿ ಹೋಗುತ್ತಾರೆ, ಅಂಗಡಿ ಮುಚ್ಚುತ್ತದೆ. ನಿಮಾಯ್‌ಗೆ ಅವನ ಭಾವ ಮಿಲ್ಲಿನ ಉಗ್ರಾಣದಲ್ಲಿ ಕೆಲಸ ಕೊಡಿಸುತ್ತೇನೆಂದು ಎಂದಿನಿಂದಲೋ ಹೇಳುತ್ತಿದ್ದ. ಯಾರಿಗೂ ಅನ್ನ ತಪ್ಪುವುದಿಲ್ಲ.

ಮರುದಿನ ಹಿಟ್ಟಿಗೆ ಸೋಡಾ ಸುರಿದಳು, ಉಪ್ಪು ಬಿಟ್ಟಳು. ಎಣ್ಣೆ ಕಾಯುವ ಮೊದಲೇ ಬದನೆ ಇಳಿಬಿಟ್ಟಳು. ಬೇಗುನಿ ಎಣ್ಣೆ ಕುಡಿದು, ನೆನೆದ ಬಟ್ಟೆಯಂತೆ ಜೋತುಬಿದ್ದಿತು. ಪೊಟ್ಟಣದ ಕಾಗದ ಕೈಯಲ್ಲೇ ಹರಿಯಿತು. ನಿವೃತ್ತ ಪೋಸ್ಟ್‌ಮಾಸ್ಟರ್ ಅನಾದಿಬಾಬು ಮಂಡಕ್ಕಿಯ ಜೊತೆ ಒಂದು ಕಚ್ಚಿ, ಅಗಿಯುವುದನ್ನು ನಿಲ್ಲಿಸಿ, ಮಿಲ್ಲಿನ ಹುಡುಗರ ಮುಖ ನೋಡಿದರು. ಅವರೂ ಇವರ ಮುಖ ನೋಡಿದರು. ಬೀಣಾ ತಲೆ ತಗ್ಗಿಸಿ ಕಾದಳು. ಒಬ್ಬರಾದರೂ ಬೈದು ಎಸೆದು ಹೋಗಲಿ ಎಂದು ಹಾರೈಸಿದಳು.

ಅನಾದಿಬಾಬು ನುಂಗಿ, “ಬೌದಿಗೆ ಮೈ ಹುಷಾರಿಲ್ಲ ಅಂತ ಕಾಣುತ್ತೆ,” ಎಂದರು. “ಇನ್ನೆರಡು ಕೊಡಮ್ಮ.”

ಎರಡನೇ ದಿನ ಇನ್ನಷ್ಟು ಕೆಡಿಸಿದಳು. ಗಿರಾಕಿಗಳು ಹಸಿಮೆಣಸಿನಕಾಯಿ ಜಾಸ್ತಿ ಕಚ್ಚಿಕೊಂಡು ತಿಂದರು. ಮೂರನೇ ದಿನ ಅನಾದಿಬಾಬು ಹೋಮಿಯೋಪತಿ ಗುಳಿಗೆ ತಂದರು. ಎದುರು ಮನೆಯ ವಿಧವೆ ಶಶಿಕಲಾ ಮಾಶಿ ತಾರಕೇಶ್ವರದ ಗುಡಿಯಿಂದ ತಂದಿದ್ದ ಹೂವನ್ನು ಒಲೆಯ ಮೇಲಿನಿಂದಲೇ ಕೈ ಚಾಚಿ ಅವಳ ತಲೆಗೆ ಮುಟ್ಟಿಸಿದಳು. ಮಿಲ್ಲಿನ ಹುಡುಗನೊಬ್ಬ, “ಹೋಟೆಲಿನವನು ಹೀಗ್ ಕೊಟ್ಟಿದ್ರೆ ಮುಖಕ್ಕೆ ಎಸೀತಿದ್ದೆ. ನಮ್ಮನೇಲಿ ಅಡುಗೆ ಕೆಟ್ರೆ ಎಸೀತೀವಾ?” ಎಂದು ನಕ್ಕ. ಸಾಲು ಒಂದಿಷ್ಟೂ ಕರಗಲಿಲ್ಲ. ರುಚಿಗೆ ಬಂದವರನ್ನು ರುಚಿ ಕೆಡಿಸಿ ಓಡಿಸಬಹುದು. ಇವರನ್ನು ಏನು ಮಾಡುವುದು?

ಆ ದಿನ ಅಂಗಡಿ ಮುಚ್ಚಿ ಬಾಣಲೆ ಉಜ್ಜುವಾಗ ನಿಮಾಯ್ ಅವಳ ಕಡೆ ನೋಡದೆ ಹೇಳಿದ.

“ಮೊದಲನೇ ದಿನಾನೇ ಗೊತ್ತಾಯ್ತು. ನಾಳೆ ಇನ್ನೊಂದು ಹಿಡಿ ಸೋಡಾ ಹಾಕು, ನಾನೇನೂ ಕೇಳಲ್ಲ.”

ಬೀಣಾ ಬೆಚ್ಚಿದಳು. “ನಿಮಗೆ ಕೋಪ ಬರ್ಲಿಲ್ವಾ?”

“ಹನ್ನೊಂದನೇ ವಯಸ್ಸಿಗೆ ಅಪ್ಪ ಸ್ಕೂಲು ಬಿಡಿಸಿ ಇದರೊಳಗೆ ಕೂರಿಸಿದ. ನನಗೆ ಕರಿಯೋಕೆ ಬರಲ್ಲ ಅಂತ ನೀನೂ ನಂಬಿಬಿಟ್ಟಿದ್ದೀಯ ಅಲ್ವಾ?”

ಬೀಣಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಹಸಿ, ಆ ಕರಕಲು ಕೈ ತಪ್ಪಿ ಆದದ್ದಲ್ಲ. ಅವಳಿಗೆ ಮೊದಲು ಮೈ ಉರಿದುಹೋಯಿತು. ನೀವು ತಪ್ಪಿಸಿಕೊಂಡು ನನ್ನನ್ನು ಒಳಗೆ ತಳ್ಳಿದಿರಿ ಎಂದು ಬಾಯಿಗೆ ಬಂದಂತೆ ಅಂದಳು. ಅವನು ಎಲ್ಲವನ್ನೂ ಒಪ್ಪಿಕೊಂಡ. ನೀನು ಇಷ್ಟು ಚೆನ್ನಾಗಿ ಮಾಡುತ್ತೀಯೆಂದು ಯಾರಿಗೆ ಗೊತ್ತಿತ್ತು, ಅಂಗಡಿ ಮುಚ್ಚೇ ಹೋಗುತ್ತದೆ ಅಂದುಕೊಂಡಿದ್ದೆ ಎಂದ. ಹಾಗೆ ಹೇಳುವಾಗ ಅವನ ಮುಖ ಎಷ್ಟು ಪೆಚ್ಚಾಗಿತ್ತೆಂದರೆ, ಬೈಯುತ್ತಿದ್ದವಳಿಗೆ ನಗು ಬಂತು. ನಗುತ್ತಲೇ ಅತ್ತಳು.

ಮರುದಿನ ನಿಮಾಯ್ ತಾನೇ ಒಲೆಯ ಹಿಂದೆ ಕೂತ. ಈ ಸಲ ಬೇಕೆಂದೇ ಚೆನ್ನಾಗಿ ಕರಿಯಲು ನೋಡಿದ. ಅಷ್ಟು ವರ್ಷ ಕೆಡಿಸಿಟ್ಟ ಕೈ ಅವನ ಮಾತು ಕೇಳಲಿಲ್ಲ. ಹಿಟ್ಟು ಒಂದು ಕಡೆ, ಬದನೆ ಒಂದು ಕಡೆ ಆದವು. ಅದರ ಮರುದಿನ ಬೆಳಿಗ್ಗೆ ಬೀಣಾ ಶಶಧರಬಾಬುವಿನ ಮನೆಗೆ ಹೋಗಿ, ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದು ಹೇಳಿ ಬಂದಳು. ಅವರು ಕೊನ್ನಗರದಿಂದ ಬೇರೊಬ್ಬಳನ್ನು ಗೊತ್ತುಮಾಡಿದರು.

ನಿಮಾಯ್‌ಗೆ ಸಮಾಧಾನವಾಗಲಿಲ್ಲ. ಇನ್ನು ಮೇಲೆ ಗುರುವಾರ ಅಂಗಡಿಗೆ ರಜೆ ಎಂದು ಸಾರಿದ. ಮೊದಲ ಗುರುವಾರ ಬೀಣಾ ಘಾಟಿಗೆ ಹೋಗಿ ಕತ್ತಲಾಗುವವರೆಗೆ ನೀರಿನಲ್ಲಿದ್ದಳು. ಎರಡನೆಯದಕ್ಕೆ ಹೊರಟಾಗ ಗಿರಾಕಿಗಳು ಮುಚ್ಚಿದ ಅಂಗಡಿಯ ಮುಂದೆಯೇ ಮಣ್ಣಿನ ಲೋಟದಲ್ಲಿ ಚಹಾ ಹಿಡಿದು ನಿಂತಿದ್ದರು. ಯಾರೂ ಏನೂ ಕೇಳಲಿಲ್ಲ. ಅವಳು ಅವರ ನಡುವೆ ದಾರಿ ಬಿಡಿಸಿಕೊಂಡು ಹೋದಳು, ಆದರೆ ಬೇಗ ಮರಳಿದಳು. ಮೂರನೆಯ ಗುರುವಾರ ಅನಾದಿಬಾಬು ಮನೆಯ ಬಾಗಿಲು ತಟ್ಟಿದರು. ಅವರ ಕೈಯಲ್ಲಿ ಸಾಸಿವೆ ಎಣ್ಣೆಯ ಡಬ್ಬಿ, ಹಿಂದೆ ಬದನೆಕಾಯಿ ಚೀಲ ಹೊತ್ತ ಮಿಲ್ಲಿನ ಹುಡುಗರು.

“ನಿಂಗ್ಯಾಕಮ್ಮ ತೊಂದರೆ ಅಂತ ಸಾಮಾನೆಲ್ಲ ನಾವೇ ತಂದಿದ್ದೀವಿ. ನೀನು ಸುಮ್ನೆ ಕೂತ್ಕೊಂಡು ಕರಿದುಕೊಟ್ರೆ ಸಾಕು,” ಎಂದರು.

ಅವರ ಮುಖದಲ್ಲಿ ಅಷ್ಟೊಂದು ಅಕ್ಕರೆಯಿತ್ತು. ಬೀಣಾ ಘಾಟಿಗೆಂದು ಹೆಗಲ ಮೇಲೆ ಹಾಕಿಕೊಂಡಿದ್ದ ಒಣ ಸೀರೆಯನ್ನು ಮೊಳೆಗೆ ನೇತುಹಾಕಿ, ಬಗ್ಗಿ, ಮೆಟ್ಟಿಲ ಕೆಳಗೆ ಸರಿದಳು. ಅವಳು ಕೂತ ಮೇಲೆ ಹುಡುಗರಿಬ್ಬರು ಬಾಣಲೆಯನ್ನು ಎತ್ತಿ ಒಲೆಯ ಮೇಲಿಟ್ಟರು.